ಮುಂದಿನ ಬೆಂಚಿನ ಕಳ್ಳಿ

ಕೋವಿಡ್ ಮುಗಿದು ಶಾಲೆ ತೆರೆದ ಮರುವರ್ಷ. ಮಲ್ಲೇಶ್ವರದ ಖಾಸಗಿ ಹೈಸ್ಕೂಲೊಂದರಲ್ಲಿ ನಾನು ಗಣಿತದ ಟೀಚರ್, ಜೊತೆಗೆ ಪರೀಕ್ಷೆಗಳ ಉಸ್ತುವಾರಿ. ನಿವೃತ್ತಿಗೆ ಎರಡು ವರ್ಷವಿತ್ತು. ಆ ವಾರ ನೆನಪಾದರೆ ಇವತ್ತಿಗೂ ನನ್ನ ಮೇಲೇ ನನಗೆ ಹೇಸಿಗೆ.

ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ. ಎರಡು ಉತ್ತರ ಪತ್ರಿಕೆಗಳಲ್ಲಿ ಒಂದೇ ಲೆಕ್ಕಕ್ಕೆ ಒಂದೇ ವಿಚಿತ್ರ ತಪ್ಪು ಉತ್ತರ. ಒಬ್ಬಳು ನಿಧಿ, ತರಗತಿಗೇ ಮೊದಲು. ಇನ್ನೊಬ್ಬಳು ಶ್ರೀರಾಂಪುರದ ಭಾಗ್ಯ, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಸರಸಮ್ಮನ ಮಗಳು. ಕಾಪಿ ಹೊಡೆದವಳು ಯಾರೆಂದು ಸ್ಟಾಫ್ ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. ನೇರವಾಗಿ ಭಾಗ್ಯಳನ್ನು ಕರೆಸಿ ನಿಲ್ಲಿಸಿಕೊಂಡೆವು.

ಅವಳು ಅಳಲಿಲ್ಲ. "ನೋಡಿದ್ರಾ, ಎಷ್ಟು ಗಟ್ಟಿ ಇದಾಳೆ!" ಎಂದರು ಮುಖ್ಯೋಪಾಧ್ಯಾಯಿನಿ. ಅತ್ತಿದ್ದರೆ ತಪ್ಪು ಒಪ್ಪಿಕೊಂಡಳು ಎನ್ನುತ್ತಿದ್ದೆವು. ಏಳೆಂಟಲ ಐವತ್ತನಾಲ್ಕು ಎಂದು ತಪ್ಪು ಗುಣಿಸಿದ ರಫ್ ವರ್ಕ್ ಭಾಗ್ಯಳ ಪತ್ರಿಕೆಯ ಅಂಚಿನಲ್ಲೇ ಇತ್ತು. ನಿಧಿಯದರಲ್ಲಿ ಬರೀ ಉತ್ತರ. ಅದನ್ನೂ ಕಂಡೆ. ನಮ್ಮ ಕಣ್ಣಿಗೆ ಮಣ್ಣೆರಚಲು ಆಮೇಲೆ ಗೀಚಿದ್ದಾಳೆ ಅಂದುಕೊಂಡೆ, ಥೂ! ಮೊದಲೇ ನಂಬಿದ್ದಕ್ಕೆ ಸಾಕ್ಷಿ ಹುಡುಕುವ ಈ ಚಾಳಿಗೆ ಮನಃಶಾಸ್ತ್ರದಲ್ಲಿ ಕನ್ಫರ್ಮೇಷನ್ ಬಯಾಸ್ ಎನ್ನುತ್ತಾರೆ. ಬಿ.ಎಡ್.ನಲ್ಲಿ ಓದಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ.

ಟಿ.ಸಿ. ಕೊಟ್ಟು ಕಳಿಸುವುದೆಂದು ತೀರ್ಮಾನವಾಯಿತು. ವರ್ಷದ ನಡುವೆ ಅವಳನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಮರುದಿನ ಸರಸಮ್ಮ ವ್ಯಾಪಾರ ಬಿಟ್ಟು ಬಂದರು. "ಇವ್ಳು ಯಾವ ಬೆಂಚಲ್ಲಿ ಕೂತಿದ್ಲು ಮೇಡಂ?"

ಸೀಟಿಂಗ್ ಪಟ್ಟಿ ತೆಗೆದೆ. "ಮೊದಲನೇ ಬೆಂಚು. ನಿಧಿ ಅವಳ ಹಿಂದೆ."

"ಹಂಗಾದ್ರೆ ನನ್ ಮಗಳಿಗೆ ಬೆನ್ನಲ್ಲಿ ಕಣ್ಣಿದ್ಯಾ?"

ಆ ಪಟ್ಟಿ ಬರೆದವಳು ನಾನೇ. ನಿಧಿಯನ್ನು ಕರೆಸಿದೆವು. ಕುರ್ಚಿ ಕೊಟ್ಟು, ಮೆತ್ತಗೆ ಕೇಳಿದೆವು. ಒಪ್ಪಿಕೊಂಡಳು.

"ಪಾಪ, ಒಳ್ಳೆ ಹುಡುಗಿ, ಏನೋ ಟೆನ್ಷನ್‌ನಲ್ಲಿ ಮಾಡಿದಾಳೆ. ಆ ಭಾಗ್ಯಾನೇ ಪೇಪರ್ ತೋರಿಸಿರ್ತಾಳೆ ಬಿಡಿ," ಎಂದರು ಮುಖ್ಯೋಪಾಧ್ಯಾಯಿನಿ.

ನನಗೆ ಮೈಯೆಲ್ಲ ಉರಿಯಿತು. ಕಾಪಿ ಹೊಡೆದವಳು ಸಿಕ್ಕಿಬಿದ್ದರೂ ತಪ್ಪು ಮಾತ್ರ ಭಾಗ್ಯಳದ್ದೇ! ನಾನು ಜಗಳಕ್ಕೇ ನಿಂತ ಮೇಲೆ ಟಿ.ಸಿ. ರದ್ದಾಯಿತು. ನಿಧಿಗೆ ಒಂದು ಗದರಿಕೆಯೂ ಇಲ್ಲ.

ಅಂದಿನಿಂದ ಯಾರ ಮೇಲೆ ಅನುಮಾನ ಬಂದರೂ ಹೆಸರು ಅದಲುಬದಲು ಮಾಡಿ ನೋಡುತ್ತೇನೆ. ಇದನ್ನೇ ಇನ್ನೊಬ್ಬಳು ಮಾಡಿದ್ದರೆ ಏನೆನ್ನುತ್ತಿದ್ದೆ? ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನಾನು ಕಲಿತದ್ದು ಇದು. ಬಹಳ ತಡವಾಗಿ ಕಲಿತೆ.

ಆ ಸಂಜೆ ಭಾಗ್ಯಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ತಪ್ಪಾಯ್ತು ಕಣಮ್ಮ," ಎಂದೆ.

"ಪರವಾಗಿಲ್ಲ ಮಿಸ್," ಎಂದಳು. "ಮುಂದಿನ ಪರೀಕ್ಷೇಲಿ ನನ್ನನ್ನ ಒಬ್ಬಳನ್ನೇ ಕೂರಿಸಿ. ಸುತ್ತ ಯಾರೂ ಬೇಡ."