ಚಿತ್ರ ಸಮಾಜದಲ್ಲಿ ಹೂಮಳೆ

ಅರ್ಥವಾಗದ ಕಡೆ ಮೆಲ್ಲಗೆ ತಲೆದೂಗಬೇಕೆಂಬ ವಿದ್ಯೆಯನ್ನು ನಾನು ಕಲಿತದ್ದು ಮೂಡಿಗೆರೆಯ ನಮ್ಮ ಚಿತ್ರ ಸಮಾಜದಲ್ಲಿ. ತಿಂಗಳಿಗೊಂದು ಭಾನುವಾರ ಸಂಜೆ ಹೊರದೇಶದ ಸಿನಿಮಾ, ಆಮೇಲೆ ಬೋಂಡ, ಅದರ ಮೇಲೆ ಚರ್ಚೆ. ಸಿನಿಮಾದುದ್ದಕ್ಕೂ ನಿದ್ದೆ ಹೊಡೆದವರು ಬೋಂಡದ ವಾಸನೆಗೆ ಎದ್ದು ಚರ್ಚೆಯಲ್ಲಿ ಅಬ್ಬರಿಸುತ್ತಾರೆ. ನಾನೂ ಆ ಜಾತಿಯವನೇ. ಅಬ್ಬರಿಸುವಷ್ಟು ಇಂಗ್ಲಿಷ್ ಇಲ್ಲದ್ದರಿಂದ ತಲೆದೂಗುತ್ತೇನೆ, ಅಷ್ಟೇ.

ಅಧ್ಯಕ್ಷರು ನಿವೃತ್ತ ಪ್ರೊಫೆಸರ್. ನಮ್ಮೆಲ್ಲರಂತೆ ಅವರಿಗೂ ದೇವರಮನೆ ಕಡೆ ಕಾಫಿ ತೋಟವಿದೆ. ಆದರೆ ಸಮಾಜದಲ್ಲಿ ಯಾರಾದರೂ ತೋಟದ ಮಾತೆತ್ತಿದರೆ ಹರಳೆಣ್ಣೆ ಕುಡಿದವರ ಮುಖ ಮಾಡುತ್ತಾರೆ.

ಈ ಸಲ ಹೂಮಳೆಗೆ ಕಾದು ಕಾದು ಆಕಾಶ ನೋಡಿದ್ದಕ್ಕೆ ನಮ್ಮೆಲ್ಲರ ಕುತ್ತಿಗೆ ಉಳುಕಿತ್ತು. ಒಂದಿಂಚು ಬಿದ್ದರೆ ಕಾಫಿ ಹೂವರಳಿ ವರ್ಷ ಗೆದ್ದಂತೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಅರೆಬಿರಿದು ಕರಟುತ್ತದೆ. ಅದಕ್ಕಿಂತ ಬಾರದಿರುವುದೇ ವಾಸಿ. ಹಳೆಯ ಕವಿಗಳು ಮೋಡದ ಕೈಯಲ್ಲಿ ಪ್ರೇಮಸಂದೇಶ ಕಳಿಸುತ್ತಿದ್ದರಂತೆ. ಇಂಚಿಗೆ ನೂರು ಸೆಂಟ್ಸಿನಂತೆ ಮಳೆ ಅಳೆಯುವ ನಾವು ಕೇಳುವುದು ಒಂದೇ, ಎಷ್ಟು ಸೆಂಟ್ಸು?

ಇಂಥ ಹೊತ್ತಿನಲ್ಲಿ ಅಧ್ಯಕ್ಷರು ತೋರಿಸಿದ ಸಿನಿಮಾದ ತುಂಬ ಮಳೆ. ಒಬ್ಬ ಮುದುಕ ಕಿಟಕಿಯಲ್ಲಿ ನಿಂತು ಅದನ್ನು ನೋಡಿದ್ದೇ ನೋಡಿದ್ದು. ಹಿಂದಿನ ಸಾಲಿನಲ್ಲಿ ಯಾರೋ, "ಎರಡಿಂಚಿಗೆ ಮೋಸ ಇಲ್ಲ ಮಾರಾಯ" ಎಂದರು.

ಚರ್ಚೆಯಲ್ಲಿ ಅಧ್ಯಕ್ಷರು ಉರಿದುಬಿದ್ದರು. ಅದು ಮಳೆಯಲ್ಲವಂತೆ, ಮನುಷ್ಯನ ಒಂಟಿತನವಂತೆ. ಅದನ್ನು ಇಂಚಿನಲ್ಲಿ ಅಳೆಯುವವರು ಮನೆಯಲ್ಲಿ ಧಾರಾವಾಹಿ ನೋಡಿಕೊಂಡಿರುವುದು ಮೇಲಂತೆ. ನಾನು ತಲೆದೂಗುತ್ತಲೇ ಮನಸ್ಸಿನಲ್ಲಿ ಅವರಿಗೆ ಸಹಸ್ರನಾಮ ಮಾಡಿದೆ.

ಅಷ್ಟರಲ್ಲಿ ಸಭಾಂಗಣದ ತಗಡಿನ ಮಾಡಿನ ಮೇಲೆ ಹನಿ ಬಿತ್ತು. ಒಂಟಿತನವನ್ನು ಅರ್ಧಕ್ಕೇ ಬಿಟ್ಟು ಮೊದಲು ಜಗಲಿಗೆ ಓಡಿದವರು ಅಧ್ಯಕ್ಷರೇ. ಮಳೆ ನಿಂತದ್ದೇ ಎಲ್ಲರೂ ತಂತಮ್ಮ ತೋಟಕ್ಕೆ ಫೋನ್ ಹಚ್ಚಿದರು. ಬಣಕಲ್ಲಿನಿಂದ ನನ್ನ ಹೆಂಡತಿ, ನಮ್ಮಲ್ಲಿ ಒಂದಿಂಚು ದಾಟಿತು ಎಂದಳು. ನನಗೆ ಕುಣಿಯುವಷ್ಟು ಖುಷಿ. ಅದನ್ನು ಅಧ್ಯಕ್ಷರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ ಸೇಡು ತೀರಿಸಿಕೊಳ್ಳೋಣ ಎಂದು ತಿರುಗಿದೆ.

ಅವರು ಕಂಬಕ್ಕೆ ಒರಗಿದ್ದರು. ನಮ್ಮ ಕಡೆಯ ಮಳೆ ಹಾಗೆಯೇ, ಒಂದು ತೋಟ ತೋಯಿಸಿ ಇನ್ನೊಂದಕ್ಕೆ ಬೆನ್ನು ಹಾಕುತ್ತದೆ.

"ನಮ್ಮಲ್ಲಿ ಇಪ್ಪತ್ತೇ ಸೆಂಟ್ಸಂತೆ. ಮೊಗ್ಗೆಲ್ಲ ಹೋಯ್ತು" ಎಂದರು. "ನಿಮ್ಮಲ್ಲಿ ಎಷ್ಟಾಯ್ತು?"

"ನಮ್ಮಲ್ಲೂ ಅಷ್ಟೇ ಸಾರ್" ಎಂದೆ, ಮುಖ ಸಣ್ಣ ಮಾಡಿ.

ಅವರು ನಂಬಿ, ನನ್ನ ಭುಜ ತಟ್ಟಿ ಸಮಾಧಾನ ಹೇಳಿದರು. ಇಷ್ಟು ವರ್ಷಗಳಲ್ಲಿ ನಮ್ಮ ಚಿತ್ರ ಸಮಾಜದಲ್ಲಿ ನಡೆದ ಒಳ್ಳೆಯ ನಟನೆ ಅದೊಂದೇ.