ತಕ್ಕಡಿಯಕ್ಕನ ಮೂರು ದಾಳ

ಇಡೀ ಪೇಟೆಯಲ್ಲಿ ನೆಟ್ಟಗಿರೋಳು ತಾನೊಬ್ಬಳೇ ಅಂತ ತಕ್ಕಡಿಯಕ್ಕನಿಗೆ ಇಪ್ಪತ್ತೆರಡು ವರ್ಷದಿಂದ ಗಟ್ಟಿ ನಂಬಿಕೆ. ತಕ್ಕಡಿ ರಿಪೇರಿ ಅವಳ ಕಸುಬು. ಯಾರು ತಟ್ಟೆಯಡಿಗೆ ಮೇಣ ಮೆತ್ತಿದ್ದಾರೆ, ಯಾರು ಮುಳ್ಳು ಬಗ್ಗಿಸಿದ್ದಾರೆ ಅನ್ನೋದು ಮುಟ್ಟಿದರೆ ಸಾಕು, ಗೊತ್ತಾಗಿಬಿಡುತ್ತಿತ್ತು. ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಅವಳದಲ್ಲ. "ಇದಕ್ಕೇನೂ ರೋಗ ಇಲ್ಲ ಕಣಯ್ಯ, ರೋಗ ಇರೋದು ನಿನ್ನ ಕೈಗೆ" ಅಂತ ಅಂಗಡಿಯವನ ಮುಖಕ್ಕೇ ಅಂದು, ತಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಇಂಟು ಮಾರ್ಕು ಎಳೆಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವಳ ಮನೆಯ ರಿಪೇರಿ ಕೋಣೆಯಲ್ಲೇ ದಾಳ ಉರುಳಿಸಿ ಕಥೆ ಕಟ್ಟುವ ಆಟ. ಕಥೆ ನಡೆಸುವವಳು ಅವಳು. ಉಳಿದ ಮೂವರದು ಕಥೆಯೊಳಗೆ ಒಂದೊಂದು ಪಾತ್ರ. ಪಾತ್ರ ಹುಟ್ಟಬೇಕಾದರೆ ಮೂರು ದಾಳವನ್ನು ಆರು ಸಲ ಉರುಳಿಸಬೇಕು. ಬಿದ್ದ ಮೊತ್ತವೇ ಅದರ ಬಲ, ಚುರುಕು, ಗಟ್ಟಿತನ, ಬುದ್ಧಿ, ವಿವೇಕ, ವರ್ಚಸ್ಸು. ಬಲಕ್ಕೆ ಹದಿನೆಂಟು ಬಿದ್ದರೆ ಜಟ್ಟಿ. ಐದು ಬಿದ್ದರೆ ಅವನ ಕೈಲಿ ಬಾಗಿಲು ತೆಗೆಯೋದಕ್ಕೂ ಆಗಲ್ಲ.

ಭಾವನ ಕರಾಮತ್ತು ನಡೆಯುತ್ತಿದ್ದದ್ದು ಇಲ್ಲೇ. ಭಾವ ಅಂದರೆ ಗಂಡನ ಅಣ್ಣ, ರಿಟೈರಾದ ಲೆಕ್ಕದ ಮೇಷ್ಟ್ರು. "ಮನೇಲೇ ಉರುಳಿಸ್ಕೊಂಡು ಬಂದೆ ಕಣಮ್ಮ" ಅಂತ ಪ್ರತಿ ಹೊಸ ಕಥೆಗೂ ಒಂದು ಚೀಟಿ ಮುಂದಿಡುತ್ತಿದ್ದರು: ಹದಿನೆಂಟು, ಹದಿನೇಳು, ಹದಿನೇಳು, ಹದಿನಾರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ನಲವತ್ತು ವರ್ಷ ಮಕ್ಕಳ ಕಾಪಿ ಹಿಡಿದ ಮನುಷ್ಯ ಇವರು, ಥೂ.

ಅವಳ ತಮ್ಮ ಬಸ್ ಡ್ರೈವರ್. ಅವನು ಉರುಳಿಸುತ್ತಿದ್ದದ್ದು ಎಲ್ಲರ ಕಣ್ಣೆದುರು, ಅಕ್ಕ ಕೈಯಾರೆ ಮಾಡಿಕೊಟ್ಟ ಹಿತ್ತಾಳೆ ದಾಳಗಳಲ್ಲಿ. ಮೂರು ಹಳೆಯ ಹಿತ್ತಾಳೆ ತೂಕದ ಕಲ್ಲುಗಳ ಬುಡದ ತುಂಡನ್ನೇ ಕೊಯ್ದುಕೊಂಡು, ಅರದಲ್ಲಿ ಉಜ್ಜಿ, ಚುಕ್ಕಿ ಕೊರೆದ ದಾಳಗಳು ಅವು. ಬೀಳುತ್ತಿದ್ದದ್ದು ಮಾತ್ರ ಐದು, ನಾಲ್ಕು, ಆರು. ನಾಲ್ಕು ವರ್ಷದಲ್ಲಿ ಅವನ ಏಳು ಪಾತ್ರ ಸತ್ತವು. ಒಂದಂತೂ ಕೋಳಿ ಅಟ್ಟಿಸಿಕೊಂಡು ಬಂತು ಅಂತ ಓಡಿ ಬಾವಿಗೆ ಬಿತ್ತು. "ನಿನ್ನ ಕೈಗುಣಾನೇ ಅಷ್ಟು ಕಣೋ, ಮುಟ್ಟಿದ್ದೆಲ್ಲ ಮಣ್ಣು" ಅಂತ ಅಕ್ಕ ಹಂಗಿಸಿದರೆ ಅವನು ನಗುತ್ತಿದ್ದ.

ಏಳನೆಯದು ಸತ್ತ ದಿನ ನಗಲಿಲ್ಲ. "ವಾರವೆಲ್ಲ ಬಸ್ಸಲ್ಲಿ ಬೈಸ್ಕೊಂಡು, ಭಾನುವಾರ ಇಲ್ಲಿ ಬಂದು ನಗೆಪಾಟಲಾಗ್ಬೇಕಾ ಅಕ್ಕ? ಮುಂದಿನ ಸಲಾನೂ ಹಿಂಗೇ ಆದ್ರೆ ನಾನು ಬರಲ್ಲ."

 ತಮ್ಮ ತಕ್ಕಡಿಯಕ್ಕನ ಮನೆ ಹೊಸಿಲು ತುಳಿಯುತ್ತಿದ್ದದ್ದೇ ಈ ಆಟಕ್ಕೆ. ಆಟ ಬಿಟ್ಟರೆ ಅವನ ಮುಖ ನೋಡುವುದು ಯಾರದಾದರೂ ಮದುವೆಯಲ್ಲಿ ಮಾತ್ರ.

ಮುಂದಿನ ಭಾನುವಾರ ಹೊಸ ಪಾತ್ರ, ಹೊಸ ನಿಯಮದ ಚರ್ಚೆ. "ನಾಲ್ಕು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನ ಬಿಟ್ಬಿಡೋಣ" ಅಂದರು ಭಾವ.

"ಬಿಡೋದಾದ್ರೆ ಮೊದಲು ಸುಳ್ಳು ಬಿಡಿ ಭಾವ" ಅಂದಳು ತಕ್ಕಡಿಯಕ್ಕ.

ಮೂರನೆಯ ಆಟಗಾರ್ತಿ, ಔಷಧಿ ಅಂಗಡಿಯವಳು, ಮೆಲ್ಲಗೆ ಬಾಯಿಬಿಟ್ಟಳು. "ಎಲ್ಲರಿಗೂ ಸಮನಾಗಿ ಅಂಕ ಕೊಟ್ಬಿಡಿ. ಬೇಕಾದ ಹಾಗೆ ಹಂಚ್ಕೋತೀವಿ."

"ಹುಟ್ಟೋವಾಗ ಯಾರಾದ್ರೂ ಅರ್ಜಿ ತುಂಬಿ ಹುಟ್ತಾರೇನೇ? ಅದೆಲ್ಲ ಬೇಡ. ಮೂವರೂ ಒಂದೇ ದಾಳದಲ್ಲಿ, ಈ ತಟ್ಟೆಯೊಳಗೆ, ನನ್ನ ಕಣ್ಣೆದುರು ಉರುಳಿಸ್ಬೇಕು. ತಗೊಳ್ಳಿ, ನನ್ನ ತಮ್ಮನ ದಾಳ. ನಾನೇ ಮಾಡಿದ್ದು. ಈ ಪೇಟೇಲಿ ಕಣ್ಮುಚ್ಚಿ ನಂಬೋದಾದ್ರೆ ಇದನ್ನ ನಂಬಬಹುದು."

ಭಾವ ಮೊದಲು ಬಲಕ್ಕೆ ಉರುಳಿಸಿದರು. ಐದು. ಆಮೇಲೆ ನಾಲ್ಕು. ಆಮೇಲೆ ಏಳು. "ಅಯ್ಯೋ ಪಾಪ, ಮನೆ ದಾಳ ಮನೇಲೇ ಬಿಟ್ಟು ಬಂದ್ರಾ?" ಅಂತ ತಕ್ಕಡಿಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಔಷಧಿ ಅಂಗಡಿಯವಳ ಸರದಿ. ಆರು, ಮೂರು, ಐದು. ತಕ್ಕಡಿಯಕ್ಕನ ನಗು ಅಲ್ಲೇ ಒಣಗಿತು.

ಕಳ್ಳನಾದರೂ ಮೇಷ್ಟ್ರು ಮೇಷ್ಟ್ರೇ. "ಇಬ್ಬರೂ ಆರಾರು ಸಲ, ಒಟ್ಟು ಹನ್ನೆರಡು ಸಲ ಉರುಳಿಸಿದ್ರೂ ಒಂದು ಸಲಾನೂ ಎಂಟು ದಾಟಿಲ್ಲ. ಇದು ಹಣೆಬರಹ ಅಲ್ಲಮ್ಮ, ದಾಳದ್ದೇ ಏನೋ ಇದೆ. ನೋಡು" ಅಂದರು ಭಾವ.

ನೋಡಿದಳು. ಆರು ಚುಕ್ಕಿಯ ಮುಖದಲ್ಲಿ, ಹಿತ್ತಾಳೆಯ ನಡುವೆ ಮಂಕಾದ ಒಂದು ಬೂದು ಬಿಲ್ಲೆ. ಸೀಸ. ತೂಕ ಸರಿ ಬರಲಿ ಅಂತ ಪ್ರತಿ ಕಲ್ಲಿನ ಬುಡಕ್ಕೂ ಸೀಸ ತುಂಬಿರುತ್ತಾರೆ. ಈ ಕಸುಬಿಗೆ ಬಂದವರು ಮೊದಲ ದಿನ ಕಲಿಯೋ ಪಾಠ ಅದು. ಕೊರೆಯೋದಕ್ಕೆ ಮೆತ್ತಗಿದೆ ಅಂತ ಆರು ಚುಕ್ಕಿಯನ್ನು ಅಲ್ಲೇ ಕೊರೆದಿದ್ದಳು, ಮಹಾರಾಯ್ತಿ. ಭಾರದ ಮುಖ ಅಡಿಗೆ ಹೋಗುತ್ತಿತ್ತು, ಅದರ ಎದುರಿನ ಒಂದು ಚುಕ್ಕಿ ಮೇಲೆ ಬರುತ್ತಿತ್ತು. ಪಕ್ಕದೆಲೆಯ ನೊಣ ಓಡಿಸುತ್ತಾ ಕೂತವಳ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿತ್ತು, ಅದೂ ನಾಲ್ಕು ವರ್ಷದಿಂದ.

"ಬೇರೆ ದಾಳ ತರ್ತೀನಿ, ಎಲ್ಲ ಮೊದಲಿಂದ" ಅಂತ ಎದ್ದಳು.

"ಕೂತ್ಕೋ ಅಕ್ಕ" ಅಂದ ತಮ್ಮ. "ಎಲ್ಲರಿಗೂ ಒಂದೇ ದಾಳ, ನಿನ್ನ ಕಣ್ಣೆದುರು. ನಿಯಮ ನಿಂದೇ ತಾನೆ?" ತಾನೂ ಆರು ಸಲ ಉರುಳಿಸಿದ. ಐದು, ನಾಲ್ಕು, ಆರು, ಐದು, ಮೂರು, ಐದು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಅಂಕಕ್ಕೆ ಯಾರೂ ನಗಲಿಲ್ಲ. "ಕೈಗುಣ ಅಂತಿದ್ದೆ" ಅಂದ, ತಟ್ಟೆ ನೋಡುತ್ತಾ.

ಕ್ಷಮಿಸು ಅನ್ನುವ ಮಾತಿಗೆ ತಕ್ಕಡಿಯಕ್ಕನ ನಾಲಗೆ ಹೊರಳಲಿಲ್ಲ. ಅಭ್ಯಾಸ ಇದ್ದರೆ ತಾನೆ? ಸೀಮೆಸುಣ್ಣ ತಗೊಂಡು ತನ್ನ ಬಲಗೈಯ ಅಂಗೈ ಮೇಲೆ ದೊಡ್ಡದೊಂದು ಇಂಟು ಮಾರ್ಕು ಎಳೆದು, ಆ ಕೈಯನ್ನು ತಮ್ಮನ ಮುಂದೆ ಚಾಚಿದಳು.

ತಮ್ಮ ಮೂರೂ ದಾಳವನ್ನು ಆ ಕೈಗೇ ಹಾಕಿದ. "ಸರಿ, ಕಥೆ ಶುರು ಮಾಡು. ಮೊದಲು ಒಂದು ಬಾಗಿಲು ಇಡು. ಭಾವ ತೆಗೀಲಿ."