ಮಗ್ಗ ನಿಂತ ಹೊತ್ತು

ಪುಸ್, ಪುಸ್, ಪುಸ್... ರಬ್ಬರ್ ಬಲ್ಬ್ ಒತ್ತುವ ಆ ಸದ್ದು ಈಗಲೂ ನನ್ನ ಎಡ ತೋಳಿನಲ್ಲೇ ಕೂತಿದೆ. ಅದಕ್ಕೂ ಮೊದಲು ರಬಕವಿಯ ನಮ್ಮ ಓಣಿಯಲ್ಲೊಂದು ಕೂಗು ಏಳುತ್ತಿತ್ತು: “ಸಿಸ್ಟರ್ ಬಂದಾರ, ಮಗ್ಗ ಬಂದ್ ಮಾಡ್ರಿ!” ಪವರ್‌ಲೂಮಿನ ಗದ್ದಲದಲ್ಲಿ ಸ್ಟೆತಸ್ಕೋಪು ಕಿವುಡು. ಹಾಗಾಗಿ ನರ್ಸ್ ಶಾಂತಾ ಬಿ.ಪಿ. ನೋಡಲು ಬಂದರೆ ಓಣಿಗೆ ಓಣಿಯೇ ನಿಲ್ಲುತ್ತಿತ್ತು. ಕಾನ್ವೆಂಟಿನ ನನ್‌ಗಳು ‘ಪಿನ್ ಡ್ರಾಪ್ ಸೈಲೆನ್ಸ್’ ಎಂದು ಎಷ್ಟು ಮೇಜು ಕುಟ್ಟಿದರೂ ನಮ್ಮ ಕ್ಲಾಸಿಗೆ ಬಾರದ ಮೌನ ಅದು.

ಆಮೇಲೆ ಡಿಜಿಟಲ್ ಮಷೀನು ಬಂತು, ಜೊತೆಗೆ ಶಾಂತಾಳ ಫೋನಿನಲ್ಲೊಂದು ಆ್ಯಪು. ಮಷೀನಿಗೆ ಮೌನ ಬೇಡ. ಮಗ್ಗಗಳು ನಿಲ್ಲುವುದು ತಪ್ಪಿತು. ಫ್ರ್ಯಾಂಕ್ಲಿ, ನನಗೆ ಆ್ಯಪು ಇಷ್ಟವೇ ಆಯಿತು. ಬಿ.ಪಿ. ಹತೋಟಿಯಲ್ಲಿದೆ ಎಂದು ನನ್ನ ಹೆಸರಿನ ಮುಂದೆ ಹಸಿರು ಬಣ್ಣ ಬಂದ ದಿನ, ಈ ವಯಸ್ಸಿನಲ್ಲಿ, ಕಾಪಿಬುಕ್ಕಿನಲ್ಲಿ ‘ಗುಡ್’ ಬಿದ್ದಂತೆ ಬೀಗಿದೆ. ಆ ಸಂತೋಷಕ್ಕೆ, ಶುಗರ್ ಇದ್ದೂ, ಒಂದು ಕರದಂಟು ತಿಂದದ್ದು ಆ್ಯಪಿಗಿನ್ನೂ ಗೊತ್ತಿಲ್ಲ.

ಶಾಂತಾಳ ಒಪೀನಿಯನ್ ಇಷ್ಟು ಸರಳವಲ್ಲ. “ಛಲೋ ಐತ್ರೀ ಬಾಯಾರ,” ಅನ್ನುತ್ತಿದ್ದಳು. “ಯಾರು ಗುಳಿಗಿಗೆ ಬಂದಿಲ್ಲಂತ ಅದ ನೆನಪ ಮಾಡತೈತಿ. ಆದ್ರ ನೆಟ್‌ವರ್ಕ್ ಹುಡಕ್ಕೋತ ನಿಮ್ಮ ಮಾಳಗಿ ಹತ್ತಿ ಹತ್ತಿ ನನ್ನ ಬಿ.ಪಿ.ನ ಏರೈತಿ ನೋಡ್ರಿ. ಮತ್ತ ಈ ಗಂಗವ್ವನ ಕಥಿ ಒಂದು ತಿಳೀವಲ್ದು.”

ಗಂಗವ್ವ ಎದುರು ಮನೆಯ ನೇಕಾರಳು. ಆ್ಯಪಿನಲ್ಲಿ ಸದಾ ಕೆಂಪು. ದಿನಾ ಗುಳಿಗೆ ತಗೋತೀಯಾ ಎಂದು ಕೇಳಿದರೆ ತಲೆಯಾಡಿಸುವಳು. ಶಾಂತಾ ‘ಹೌದು’ ಒತ್ತುವಳು. ಅದನ್ನು ನಂಬಿ ಡಾಕ್ಟರು ಗುಳಿಗೆ ಹೆಚ್ಚಿಸಿದರು. ಬಿ.ಪಿ. ಜಗ್ಗಲಿಲ್ಲ. ಎಲ್ಲಿ ಲಕ್ವಾ ಹೊಡೆದೀತೋ ಎಂದು ಶಾಂತಾಳಿಗೆ ಭಯ. ಮಗ್ಗದ ಮುಂದೆ ನಿಂತವರು, ಕೇಳಿಸದಿದ್ದರೂ, ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಊಟಕ್ಕೆ ಕರೆದರೂ, ಬೈದರೂ. ಅದು ನಮ್ಮ ಓಣಿಯ ಮ್ಯಾನರ್ಸ್. ಆ್ಯಪು ಮಾಡಿದವರು ಈ ಓಣಿಯವರಲ್ಲವಲ್ಲ.

ಶಾಂತಾಳಿಗೆ ಬೀಳಗಿ ಕಡೆ ವರ್ಗವಾಯಿತು. ನಾನು ಅವಳನ್ನು ಕೊನೆಯ ಸಲ ಕಂಡದ್ದು ಗಂಗವ್ವನ ಬಾಗಿಲಲ್ಲಿ. ಫೋನು ಚೀಲಕ್ಕೆ ಹಾಕಿ ಹಳೆಯ ಕೂಗು ತಾನೇ ಕೂಗಿದಳು: “ಮಗ್ಗ ಬಂದ್ ಮಾಡ್ರಿ!”

“ಈಗ್ಯಾಕಬೇ ಸಿಸ್ಟರ?” ಗಂಗವ್ವ ರೇಗಿದಳು. “ಮಷೀನಿಗೆ ಗದ್ದಲ ಅಡ್ಡಿಲ್ಲಂದಿದ್ದಿ?”

“ಮಷೀನಿಗಿಲ್ಲ ಯಕ್ಕಾ. ನನಗೈತಿ.”

ಮಗ್ಗಗಳು ನಿಂತವು. ಮತ್ತೆ ಅದೇ ಪ್ರಶ್ನೆ. ಗಂಗವ್ವ ಅಭ್ಯಾಸಬಲದಿಂದ ತಲೆಯಾಡಿಸಿದಳು. ಶಾಂತಾ ‘ಹೌದು’ ಒತ್ತಲು ಫೋನು ತೆಗೆಯದೆ ಕಟ್ಟೆಯ ಮೇಲೆ ಕೂತೇ ಇದ್ದಳು. ಆ ಮೌನ ಗಂಗವ್ವನಿಗೇ ಭಾರವಾಯಿತೇನೋ.

“ಗುಳಿಗಿ ತಗೊಂಡ್ರ ಮಗ್ಗದ ಮುಂದ ತಲಿ ತಿರಗತೈತಿ, ತಂಗಿ. ನೇಯೂ ದಿನ ಬಿಟ್ಟ ಬಿಡತೇನಿ.”

“ಇಷ್ಟ ದಿನ ಹೇಳಾಕ ಏನಾಗಿತ್ತ ನಿನಗ? ತಡಿ, ಬ್ಯಾರೆ ಗುಳಿಗಿ ಕೊಡ್ತಾರೇನು ಡಾಕ್ಟರಿಗೆ ಕೇಳತೇನಿ.” ಶಾಂತಾ ಚೀಲದಿಂದ ಫೋನು ತೆಗೆದು, ನೆಟ್‌ವರ್ಕಿಗೆಂದು ನಮ್ಮ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಇಳಿದು ಬಂದರೆ ಮುಂದಿನ ಸರದಿ ನನ್ನದೇ, ಅದೂ ಇಂಥ ಮೌನದಲ್ಲಿ! ಕರದಂಟಿನ ಡಬ್ಬಿ ಬಚ್ಚಿಡಲು ಒಳಗೆ ಓಡಿದೆ. ಹೊರಗೆ ಬಂದಾಗ ಮಗ್ಗಗಳು ಶುರುವಾಗಿದ್ದವು, ಅವಳು ಹೋಗಿಯಾಗಿತ್ತು.